ನೇರಳೆ ಕಿಂಡಿ, ಹಸಿರು ಕಿಂಡಿ

ಹಳೇ ಮದರ್‌ಬೋರ್ಡ್ ಕೊಳ್ಳುವವರು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡುತ್ತಾರೆ. ಪ್ರೊಸೆಸರ್ ಕೂರುವ ಸಾಕೆಟ್ ಸರಿಯಿದೆಯೇ, ಕೆಪಾಸಿಟರುಗಳ ನೆತ್ತಿ ಉಬ್ಬಿದೆಯೇ, ಎಲ್ಲಾದರೂ ಸುಟ್ಟ ಕಲೆ ಇದೆಯೇ ಎಂದು ಹುಡುಕುತ್ತಾರೆ. ಹಿಂಬದಿಯ ಮೂಲೆಯಲ್ಲಿ ಒಂದರ ಮೇಲೊಂದು ಕೂತ ಎರಡು ಗುಂಡನೆಯ ಪೋರ್ಟುಗಳ ಕಡೆ ಕಣ್ಣು ಹಾಯಿಸುವವರು ಕಡಿಮೆ. ಕೆಳಗಿನದು ನೇರಳೆ, ಕೀಬೋರ್ಡಿಗೆ. ಮೇಲಿನದು ಹಸಿರು, ಮೌಸಿಗೆ. ಬೋರ್ಡನ್ನು ಮನೆಗೆ ತಂದು ಜೋಡಿಸಿ ಪವರ್ ಕೊಟ್ಟರೆ ಫ್ಯಾನು ತಿರುಗುತ್ತದೆ, ಪರದೆ ಬೆಳಗುತ್ತದೆ, ರ‍್ಯಾಮಿನ ಲೆಕ್ಕ ಓಡುತ್ತದೆ. ಆಮೇಲೆ ಕೀಬೋರ್ಡ್ ಸಿಗುತ್ತಿಲ್ಲ ಎಂಬ ಒಂದು ಸಾಲು ಬಂದು ಎಲ್ಲವೂ ಅಲ್ಲಿಗೇ ನಿಲ್ಲುತ್ತದೆ.

ಈ ಕಾಲದಲ್ಲಿ ಇಂಥ ಬೋರ್ಡು ಯಾರಿಗೆ ಬೇಕು ಎಂದು ಕೇಳಬಹುದು. ಲೇಥು, ತೂಕದ ಯಂತ್ರ, ಲ್ಯಾಬಿನ ಉಪಕರಣ ಹೀಗೆ ಹಳೇ ಕಾರ್ಡನ್ನೂ ಹಳೇ ಡಾಸ್ ತಂತ್ರಾಂಶವನ್ನೂ ನೆಚ್ಚಿಕೊಂಡ ಯಂತ್ರಗಳು ಸಣ್ಣ ಕಾರ್ಖಾನೆಗಳಲ್ಲಿ ಇನ್ನೂ ದುಡಿಯುತ್ತಿವೆ. ಯಂತ್ರದ ಬೆಲೆ ಲಕ್ಷಗಳಲ್ಲಿ, ಅದನ್ನು ಆಡಿಸುವ ಬೋರ್ಡಿನ ಬೆಲೆ ನೂರುಗಳಲ್ಲಿ. ಬೋರ್ಡು ಕೆಟ್ಟರೆ ಅದೇ ತಲೆಮಾರಿನ ಇನ್ನೊಂದು ಬೇಕು. ಪೆನ್‌ಡ್ರೈವ್ ಕಾಟಕ್ಕೆ ಹೆದರಿ ಯುಎಸ್‌ಬಿಯನ್ನೇ ಮುಚ್ಚಿಬಿಟ್ಟ ಕಚೇರಿಗಳಲ್ಲೂ ಈ ಗುಂಡು ಪೋರ್ಟಿಗೆ ಬೇಡಿಕೆ ಉಂಟು. ಬೆಂಗಳೂರಿನ ಎಸ್.ಪಿ. ರಸ್ತೆಯ ಸಂದಿಗಳಲ್ಲಿ ಇಂಥವು ರಾಶಿ ಬಿದ್ದಿರುತ್ತವೆ. ಅಲ್ಲಿ ಕೇಳಿದರೆ ಸಿಗುವ ರೋಗನಿರ್ಣಯ ಸಾಮಾನ್ಯವಾಗಿ ಒಂದೇ: "ಪೋರ್ಟ್ ಹೋಗಿದೆ ಸಾರ್, ಯುಎಸ್‌ಬಿ ಹಾಕ್ಕೊಳ್ಳಿ."

ನನಗೆ ಈ ಮಾತಿನ ಮೇಲೆ ತಕರಾರಿದೆ. ಪೋರ್ಟು ಎಂಬುದು ಪ್ಲಾಸ್ಟಿಕ್ಕಿನೊಳಗೆ ಕೂತ ಆರು ಲೋಹದ ತೂತು. ಅದು ತಾನಾಗಿ ಹೋಗುವುದು ಅಪರೂಪ. ಅದರ ಹಿಂದೆ ವಿದ್ಯುತ್ತು ಬರುವ ದಾರಿ ಒಂದು, ಸಂಕೇತ ಹೋಗಿಬರುವ ದಾರಿ ಇನ್ನೊಂದು, ಆ ಸಂಕೇತವನ್ನು ಓದುವ ಚಿಪ್ಪು, ಚಿಪ್ಪನ್ನು ಎಬ್ಬಿಸುವ ಬಯೋಸ್, ಕೊನೆಗೆ ವಿಂಡೋಸೋ ಲಿನಕ್ಸೋ ಇವೆಲ್ಲ ಇವೆ. ಕೆಡುವುದು ಇವುಗಳಲ್ಲಿ ಒಂದು. ಅದು ಯಾವುದೆಂದು ಕೀಬೋರ್ಡೇ ಅರ್ಧ ಹೇಳಿಕೊಡುತ್ತದೆ. ಅದು ಹೇಗೆ ಮಾತಾಡುತ್ತದೆಂದು ಗೊತ್ತಿದ್ದರೆ ಸಾಕು.

ಐಬಿಎಂ 1981ರಲ್ಲಿ ತಂದ ಮೊದಲ ಪಿಸಿಯ ಕೀಬೋರ್ಡಿಗೆ ಐದು ಪಿನ್ನಿನ ದಪ್ಪ ಪ್ಲಗ್ ಇತ್ತು. ಆ ಕೀಬೋರ್ಡು ಹೇಳುತ್ತಿತ್ತು, ಕಂಪ್ಯೂಟರ್ ಕೇಳುತ್ತಿತ್ತು, ತಿರುಗಿ ಏನೂ ಹೇಳುವಂತಿರಲಿಲ್ಲ. 1984ರ ಎಟಿ ಮಾದರಿಯಲ್ಲಿ ಎರಡೂ ಕಡೆಯಿಂದ ಮಾತು ಶುರುವಾಯಿತು. 1987ರ ಏಪ್ರಿಲ್‌ನಲ್ಲಿ ಬಂದ ಪರ್ಸನಲ್ ಸಿಸ್ಟಮ್/2 ಎಂಬ ಸರಣಿ ಅದೇ ಮಾತನ್ನು ಉಳಿಸಿಕೊಂಡು ಪ್ಲಗ್ಗನ್ನು ಮಾತ್ರ ಸಣ್ಣದು ಮಾಡಿತು, ಮೌಸಿಗೂ ಅಂಥದ್ದೇ ಇನ್ನೊಂದನ್ನು ಕೊಟ್ಟಿತು. ಆ ಸರಣಿಯ ಕಂಪ್ಯೂಟರುಗಳು ಮಾರುಕಟ್ಟೆಯಿಂದ ಮರೆಯಾಗಿ ಎಷ್ಟೋ ಕಾಲವಾಯಿತು. ಪಿಎಸ್/2 ಎಂಬ ಹೆಸರು ಪೋರ್ಟಿಗೆ ಅಂಟಿಕೊಂಡು ಉಳಿಯಿತು. ಕೀಬೋರ್ಡು, ಮೌಸು ಎರಡರ ಪ್ಲಗ್ಗೂ ಒಂದೇ ಆಕಾರವಾದ್ದರಿಂದ ಜನ ಅದನ್ನು ಇದಕ್ಕೆ, ಇದನ್ನು ಅದಕ್ಕೆ ಸಿಕ್ಕಿಸಿ ಪರದಾಡಿದರು. ಮೈಕ್ರೋಸಾಫ್ಟ್ ಮತ್ತು ಇಂಟೆಲ್ ಸೇರಿ ರೂಪಿಸಿದ ಪಿಸಿ ನಿಯಮಾವಳಿಗಳಲ್ಲಿ ನೇರಳೆ, ಹಸಿರು ಬಣ್ಣಗಳು ಬಂದವು. ಅದಲುಬದಲು ಮಾಡಿದರೆ ಏನೂ ಸುಡುವುದಿಲ್ಲ, ಎರಡರ ಪಿನ್ನುಗಳ ಕೆಲಸವೂ ಒಂದೇ. ಕೆಲಸ ಮಾತ್ರ ನಡೆಯುವುದಿಲ್ಲ. ಬಣ್ಣ ಮಾಸಿದ ಬೋರ್ಡಿನಲ್ಲಿ ಮೊದಲು ಇದನ್ನೇ ಖಾತ್ರಿ ಮಾಡಿಕೊಳ್ಳಬೇಕು.

ಆರು ಪಿನ್ನುಗಳಲ್ಲಿ ಎರಡು ಖಾಲಿ. ಒಂದು 5 ವೋಲ್ಟ್, ಒಂದು ಗ್ರೌಂಡ್. ಉಳಿದೆರಡರಲ್ಲಿ ಒಂದು ಡೇಟಾ, ಇನ್ನೊಂದು ಕ್ಲಾಕ್, ಅಂದರೆ ತಾಳ ಹಾಕುವ ತಂತಿ. ತಾಳ ಹಾಕುವುದು ಕಂಪ್ಯೂಟರಲ್ಲ, ಕೀಬೋರ್ಡು. ಅದರ ಹೊಟ್ಟೆಯೊಳಗೆ ಒಂದು ಪುಟ್ಟ ಮೈಕ್ರೋಕಂಟ್ರೋಲರ್ ಇದೆ. ಗುಂಡಿಗಳ ಅಡ್ಡ ಸಾಲು, ಉದ್ದ ಸಾಲುಗಳನ್ನು ಅದು ಬಿಡುವಿಲ್ಲದೆ ಸವರುತ್ತ ಯಾವುದು ಒತ್ತಿದೆ, ಯಾವುದು ಬಿಟ್ಟಿದೆ ಎಂದು ಗಮನಿಸುತ್ತಿರುತ್ತದೆ.

'ಕೆ' ಗುಂಡಿ ಒತ್ತಿದಿರಿ ಎನ್ನೋಣ. ಕೀಬೋರ್ಡಿಗೆ ಅದು ಇಂಗ್ಲಿಷಿನ ಅಕ್ಷರವೆಂದೂ ಗೊತ್ತಿಲ್ಲ, ನುಡಿ ತಂತ್ರಾಂಶದಲ್ಲಿ ಅದರಿಂದ 'ಕ' ಮೂಡುತ್ತದೆಂದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಆ ಜಾಗದ ಸಂಖ್ಯೆ. ಹದಿನಾರರ ಎಣಿಕೆಯಲ್ಲಿ ಅದು 42. ಅದನ್ನು ಕಳಿಸುವಾಗ ಮೊದಲು ಒಂದು ಸೊನ್ನೆ, ಅಂದರೆ 'ಶುರು' ಎಂಬ ಸೂಚನೆ. ಆಮೇಲೆ ಸಂಖ್ಯೆಯ ಎಂಟು ಬಿಟ್‌ಗಳು ಹಿಂದುಮುಂದಾಗಿ, ಚಿಕ್ಕ ಬೆಲೆಯದು ಮೊದಲು: 0, 1, 0, 0, 0, 0, 1, 0. ಆಮೇಲೆ ಲೆಕ್ಕ ತಾಳೆ ನೋಡುವ ಒಂದು ಬಿಟ್. ಒಟ್ಟು ಒಂದುಗಳ ಸಂಖ್ಯೆ ಬೆಸವಾಗಿರಬೇಕೆಂಬುದು ಇಲ್ಲಿನ ಕರಾರು. 42ರಲ್ಲಿ ಎರಡು ಒಂದುಗಳಿರುವುದರಿಂದ ಈ ಬಿಟ್ ಕೂಡ ಒಂದು. ಕೊನೆಗೆ 'ಮುಗಿಯಿತು' ಎಂಬ ಇನ್ನೊಂದು ಒಂದು. ಒಟ್ಟು 11 ಬಿಟ್. ತಾಳ ಸೆಕೆಂಡಿಗೆ 10,000ದಿಂದ 16,700ರ ನಡುವೆ ಬೀಳುವುದರಿಂದ ಇಷ್ಟೂ ಮುಗಿಯಲು ಒಂದು ಮಿಲಿಸೆಕೆಂಡಿನ ಆಸುಪಾಸು ಸಾಕು. ಬೆರಳೆತ್ತಿದಾಗ ಎಫ್0, 42 ಎಂಬ ಜೋಡಿ ಹೋಗುತ್ತದೆ. ಒತ್ತಿದ್ದಕ್ಕೊಂದು ಸುದ್ದಿ, ಬಿಟ್ಟಿದ್ದಕ್ಕೊಂದು ಸುದ್ದಿ. ಶಿಫ್ಟ್ ಹಿಡಿದುಕೊಂಡೇ ಇದ್ದೀರೆಂದು ಕಂಪ್ಯೂಟರಿಗೆ ತಿಳಿಯುವುದು ಬಿಟ್ಟ ಸುದ್ದಿ ಇನ್ನೂ ಬಂದಿಲ್ಲವಾದ್ದರಿಂದ.

ಡೇಟಾ, ಕ್ಲಾಕ್ ತಂತಿಗಳ ಇನ್ನೊಂದು ಗುಣವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ರಿಪೇರಿಯ ಅರ್ಧ ಭಾಗ ಅದರ ಮೇಲೆಯೇ ನಿಂತಿದೆ. ಹಳೇ ಸಾರಿಗೆ ಬಸ್ಸಿನ ಚಾವಣಿಯುದ್ದಕ್ಕೂ ಗಂಟೆಯ ಹಗ್ಗ ಇರುತ್ತಿತ್ತಲ್ಲ, ಹಾಗೆ. ಹಿಂದಿನಿಂದ ಕಂಡಕ್ಟರ್ ಎಳೆದರೂ ಗಂಟೆ, ನಡುವೆ ಯಾರೋ ಪ್ರಯಾಣಿಕ ಎಳೆದರೂ ಗಂಟೆ, ಬಿಟ್ಟರೆ ಹಗ್ಗ ತಾನೇ ಮೇಲೆ ಹೋಗುತ್ತದೆ. ಎಲ್ಲೋ ಸಿಕ್ಕಿಕೊಂಡು ಕೆಳಗೇ ಉಳಿದರೆ ಯಾರು ಎಳೆದರೂ ಸದ್ದಿಲ್ಲ. ಈ ಎರಡು ತಂತಿಗಳನ್ನೂ ಕೆಲವು ಸಾವಿರ ಓಮ್‌ಗಳ ರೆಸಿಸ್ಟರುಗಳು ಸದಾ 5 ವೋಲ್ಟಿನತ್ತ ಮೇಲೆತ್ತಿ ಹಿಡಿದಿರುತ್ತವೆ. ಕೀಬೋರ್ಡಾಗಲಿ ಬೋರ್ಡಾಗಲಿ ಅವನ್ನು ಕೆಳಕ್ಕೆ ಎಳೆಯಬಲ್ಲವು, ಮೇಲಕ್ಕೆ ತಳ್ಳುವ ಗೋಜು ಇಬ್ಬರಿಗೂ ಇಲ್ಲ. ಬೋರ್ಡಿಗೆ "ಸ್ವಲ್ಪ ತಾಳು" ಎನ್ನಬೇಕಾದರೆ ಅದು ಕ್ಲಾಕ್ ತಂತಿಯನ್ನು ಕನಿಷ್ಠ 100 ಮೈಕ್ರೋಸೆಕೆಂಡ್ ಎಳೆದು ಹಿಡಿಯುತ್ತದೆ. ಕೀಬೋರ್ಡು ಅಷ್ಟು ಹೊತ್ತು ಸುಮ್ಮನಿದ್ದು ಒತ್ತಿದ ಗುಂಡಿಗಳನ್ನು ನೆನಪಿಟ್ಟುಕೊಳ್ಳುತ್ತದೆ.

ಇನ್ನು ಕೇಳಿಸಿಕೊಳ್ಳುವವರ ಸುದ್ದಿ. ಎಟಿ ಕಾಲದಲ್ಲಿ ಇದು ಇಂಟೆಲ್‌ನ 8042 ಎಂಬ ಪ್ರತ್ಯೇಕ ಚಿಪ್ಪು, 40 ಕಾಲಿನದು. ಅದರಲ್ಲಿ ಕೆಲವು ಕಾಲುಗಳು ಕೆಲಸವಿಲ್ಲದೆ ಉಳಿದಿದ್ದವು. ಐಬಿಎಂನ ಎಂಜಿನಿಯರುಗಳು ಒಂದಕ್ಕೆ ಪ್ರೊಸೆಸರನ್ನು ಮರುಚಾಲನೆ ಮಾಡುವ ಕೆಲಸ ಕೊಟ್ಟರು, ಇನ್ನೊಂದಕ್ಕೆ ಮೆಮೊರಿಯ ಎ20 ಎಂಬ ವಿಳಾಸದ ಗೆರೆಯನ್ನು ತೆರೆದು ಮುಚ್ಚುವ ಕೆಲಸ. ಕೀಬೋರ್ಡಿಗೂ ಮೆಮೊರಿಗೂ ಏನು ನಂಟು? ಏನೂ ಇಲ್ಲ, ಕಾಲು ಖಾಲಿ ಇತ್ತು ಅಷ್ಟೆ. ಈ ಜುಗಾಡ್ ದಶಕಗಳ ಕಾಲ ಪಿಸಿಗಳ ಬೆನ್ನು ಬಿಡಲಿಲ್ಲ. ಎಎಂಐ ಬಯೋಸ್ ಇರುವ ಹಳೇ ಬೋರ್ಡು ಆರು ಬಾರಿ ಬೀಪ್ ಎಂದರೆ ಎ20ರಲ್ಲಿ ತೊಂದರೆ ಎಂದರ್ಥ. ಜನ ರ‍್ಯಾಮ್ ಬದಲಿಸುತ್ತ ಕೂರುತ್ತಾರೆ. ಬೆರಳು ತೋರುತ್ತಿರುವುದು ಕೀಬೋರ್ಡ್ ಕಂಟ್ರೋಲರ್ ಕಡೆಗೆ.

ಪೆಂಟಿಯಂ 4 ಕಾಲದ ಬೋರ್ಡಿನಲ್ಲಿ 8042 ಎಂಬ ಬಿಡಿ ಚಿಪ್ಪನ್ನು ಹುಡುಕಬೇಡಿ. ಅದು ಸೂಪರ್ ಐ/ಓ ಎಂಬ, ನಾಲ್ಕೂ ಕಡೆ ಕಾಲಿರುವ ಚಿಪ್ಪಿನೊಳಗೆ ಸೇರಿಹೋಗಿದೆ. ವಿನ್‌ಬಾಂಡ್ ಅಥವಾ ಐಟಿಇ ಎಂಬ ಹೆಸರು, ಡಬ್ಲ್ಯು83627 ಅಥವಾ ಐಟಿ8712 ಎಂಬಂಥ ಸಂಖ್ಯೆ ಅದರ ಬೆನ್ನ ಮೇಲಿರುತ್ತದೆ. ಫ್ಲಾಪಿ, ಪ್ರಿಂಟರ್ ಪೋರ್ಟ್, ಸೀರಿಯಲ್ ಪೋರ್ಟ್, ಫ್ಯಾನಿನ ವೇಗ ಎಲ್ಲವೂ ಅದರದೇ ಉಸ್ತುವಾರಿ. ಸುದ್ದಿ ಬಂದ ಕೂಡಲೇ ಅದು ಪ್ರೊಸೆಸರಿನ ಬಾಗಿಲು ತಟ್ಟುತ್ತದೆ: ಕೀಬೋರ್ಡಿಗೆ 1ನೇ ಇಂಟರಪ್ಟ್, ಮೌಸಿಗೆ 12ನೆಯದು.

ಇಷ್ಟು ಗೊತ್ತಿದ್ದರೆ ಪರೀಕ್ಷೆಗೆ ಮೊದಲು ಯಾವ ಉಪಕರಣವೂ ಬೇಡ. ಕೀಬೋರ್ಡಿನ ಬಲ ಮೇಲ್ಮೂಲೆಯ ಮೂರು ಪುಟ್ಟ ದೀಪಗಳನ್ನು ನೋಡುತ್ತ ಪವರ್ ಒತ್ತಿ. 5 ವೋಲ್ಟ್ ಸಿಕ್ಕ ಅರ್ಧ ಮುಕ್ಕಾಲು ಸೆಕೆಂಡಿನಲ್ಲಿ ಕೀಬೋರ್ಡು ತನ್ನನ್ನು ತಾನೇ ಪರೀಕ್ಷಿಸಿಕೊಂಡು ಮೂರೂ ದೀಪವನ್ನು ಒಮ್ಮೆ ಮಿನುಗಿಸುತ್ತದೆ, ಎಎ ಎಂಬ ಸಂಕೇತ ಕಳಿಸಿ ಹುಷಾರಾಗಿದ್ದೇನೆ ಎನ್ನುತ್ತದೆ. ಈ ಮೊದಲ ಮಿನುಗಿಗೆ ಬೋರ್ಡಿನ ಅಪ್ಪಣೆ ಬೇಕಿಲ್ಲ, ಕರೆಂಟು ಸಾಕು. ತುಸು ಹೊತ್ತಿನ ಮೇಲೆ ಬಯೋಸ್ ಕೀಬೋರ್ಡಿಗೆ ಮರುಚಾಲನೆಯ ಆಜ್ಞೆ ಕೊಡುತ್ತದೆ, ಆಗ ಎರಡನೇ ಮಿನುಗು. ಮೊದಲನೆಯದೇ ಇಲ್ಲದಿದ್ದರೆ ವಿದ್ಯುತ್ತಿನ ದಾರಿ ಹುಡುಕಬೇಕು. ಮೊದಲನೆಯದಿದ್ದು ಎರಡನೆಯದಿಲ್ಲದಿದ್ದರೆ ಸಂಕೇತದ ದಾರಿ.

ಎರಡೂ ಬಂದವು ಎನ್ನಿ, ಆಗ ನಮ್‌ಲಾಕ್ ಒತ್ತಿ ನೋಡಿ. ಆ ದೀಪ ಕೀಬೋರ್ಡಿನ ಸ್ವಂತ ನಿರ್ಧಾರದಿಂದ ಹತ್ತುತ್ತದೆಂದು ಬಹಳ ಜನ ಎಣಿಸಿದ್ದಾರೆ. ಹಾಗಲ್ಲ. ಗುಂಡಿ ಒತ್ತಿದ ಸುದ್ದಿ ಬೋರ್ಡಿಗೆ ಹೋಗಬೇಕು, ಕಂಟ್ರೋಲರ್ ಅದನ್ನು ಓದಬೇಕು, ಪ್ರೊಸೆಸರ್ ಎಚ್ಚರವಾಗಿ "ನಮ್‌ಲಾಕ್ ಬದಲಾಯಿತು" ಎಂದು ಗುರುತು ಹಾಕಿಕೊಂಡು ಇಡಿ ಎಂಬ ಆಜ್ಞೆಯನ್ನೂ ಯಾವ ದೀಪ ಹತ್ತಬೇಕೆಂಬ ಸಂಖ್ಯೆಯನ್ನೂ ವಾಪಸ್ ಕಳಿಸಬೇಕು. ಕೀಬೋರ್ಡು ಎಫ್‌ಎ ಎಂದು ಒಪ್ಪಿಕೊಂಡು ಆಮೇಲೆ ದೀಪ ಹತ್ತಿಸುತ್ತದೆ. ಆ ದೀಪ ಒಮ್ಮೆ ಹತ್ತಿ ಆರಿದರೆ ಫ್ಯೂಸಿನಿಂದ ಪ್ರೊಸೆಸರ್‌ವರೆಗಿನ ಇಡೀ ದಾರಿ ಹೋಗಿಬರಲು ಸರಿಯಿದೆ ಎಂದಾಯಿತು. ಪರದೆಯ ಮೇಲೆ ಅಕ್ಷರ ಬರದಿದ್ದರೂ ಅದು ಪೋರ್ಟಿನ ತಪ್ಪಲ್ಲ. ಮೌಸಿಗೆ ಇಂಥ ಸಲೀಸಾದ ಗುರುತಿಲ್ಲ. ಹೊಟ್ಟೆಯಡಿ ಕೆಂಪು ಬೆಳಕಿನದಾದರೆ ಕರೆಂಟು ಬಂದಿದೆಯೋ ಇಲ್ಲವೋ ತಿಳಿಯುತ್ತದೆ, ಅಷ್ಟೆ.

ಮೊದಲ ಮಿನುಗೇ ಇಲ್ಲದ ಬೋರ್ಡಿಗೆ ಬರೋಣ. ಪೋರ್ಟಿನ ತೂತಿಗೆ ಮಲ್ಟಿಮೀಟರಿನ ಕಡ್ಡಿ ತುರುಕಬೇಡಿ, ಪಕ್ಕದ ಪಿನ್ನಿಗೆ ತಗುಲಿ ಇರುವುದೂ ಹೋದೀತು. ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರತೆಗೆದು, ಪೋರ್ಟಿನ ಕಾಲುಗಳು ಬೆಸುಗೆಯಾಗಿರುವ ಹಿಂಬದಿಯಲ್ಲಿ ಅಳೆಯುವುದು ಕ್ಷೇಮ. ಕಪ್ಪು ಕಡ್ಡಿ ಪೋರ್ಟಿನ ಲೋಹದ ಕವಚಕ್ಕೆ, ಕೆಂಪು ಕಡ್ಡಿ ಒಂದೊಂದೇ ಕಾಲಿಗೆ. ಎಲ್ಲೂ 5 ವೋಲ್ಟ್ ಕಾಣದಿದ್ದರೆ ಫ್ಯೂಸ್ ಹುಡುಕುವ ಹೊತ್ತು.

ಹಳೇ ಎಟಿ ಬೋರ್ಡುಗಳಲ್ಲಿ ಅದು ರೆಸಿಸ್ಟರಿನಂತೆ ಕಾಣುವ, ಹಸಿರು ಮೈಯ ಪುಟ್ಟ ಗುಂಡು. ಎಷ್ಟೋ ಜನ ಅದನ್ನು ರೆಸಿಸ್ಟರೆಂದೇ ತಿಳಿದು ದಾಟಿ ಹೋಗುತ್ತಾರೆ. ಅದು ಒಮ್ಮೆ ಸುಟ್ಟರೆ ಮುಗಿಯಿತು. ಆಮೇಲಿನ ಬೋರ್ಡುಗಳಲ್ಲಿ ಪಾಲಿಫ್ಯೂಸ್ ಬಂತು: ಪೋರ್ಟಿನ ಬೆನ್ನಿಗೇ ಕೂತ ಚಪ್ಪಟೆ ಆಯತ, ಪಕ್ಕದಲ್ಲಿ 'ಎಫ್' ಅಥವಾ 'ಎಫ್‌ಎಸ್' ಎಂದು ಶುರುವಾಗುವ ಗುರುತು. ಮಿತಿ ಮೀರಿ ಕರೆಂಟು ಹರಿದರೆ ಅದು ಬಿಸಿಯಾಗಿ ತನ್ನ ತಡೆಯನ್ನು ವಿಪರೀತ ಏರಿಸಿಕೊಳ್ಳುತ್ತದೆ, ಪವರ್ ತೆಗೆದು ತಣ್ಣಗಾದ ಮೇಲೆ ಮತ್ತೆ ದಾರಿ ಬಿಡುತ್ತದೆ. ಆದರೆ ಪದೇ ಪದೇ ಕಾದು ಹಳತಾದ ಪಾಲಿಫ್ಯೂಸ್ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ. ಆಗೊಂದು ಮೋಸದ ಸ್ಥಿತಿ ಉಂಟಾಗುತ್ತದೆ. ಪೋರ್ಟ್ ಖಾಲಿ ಇದ್ದಾಗ ಮೀಟರ್ 5 ವೋಲ್ಟ್ ತೋರಿಸುತ್ತದೆ, ಕೀಬೋರ್ಡ್ ಸಿಕ್ಕಿಸಿ ನೋಡಿದರೆ 3 ವೋಲ್ಟಿಗೋ ಅದಕ್ಕೂ ಕೆಳಗೋ ಕುಸಿದಿರುತ್ತದೆ. ಆದ್ದರಿಂದ ಕೀಬೋರ್ಡ್ ಸಿಕ್ಕಿಸಿದ ಮೇಲೆ, ಫ್ಯೂಸಿನ ಎರಡೂ ಬದಿ ಅಳೆಯಬೇಕು. ಒಂದು ಬದಿ 5, ಇನ್ನೊಂದು ಬದಿ ಸೊನ್ನೆ ಅಥವಾ 3 ಎಂದು ಬಂದರೆ ಕಳ್ಳ ಸಿಕ್ಕಿದ.

ಅಲ್ಲಿಗೆ ಒಂದು ತುಂಡು ತಂತಿ ಬೆಸೆದು ಕೈತೊಳೆದುಕೊಳ್ಳುವವರಿದ್ದಾರೆ. ಕೀಬೋರ್ಡು ಕೂಡಲೇ ಎದ್ದು ಕೂರುತ್ತದೆ, ಕೊಂಡವನೂ ಖುಷಿ. ಮುಂದೆ ಎಂದಾದರೂ ಕೀಬೋರ್ಡಿನ ವಯರು ಒಳಗೇ ಶಾರ್ಟ್ ಆದರೆ, ಕಂಪ್ಯೂಟರಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್‌ನ 5 ವೋಲ್ಟಿನ ಸಾಲು ಹತ್ತಾರು ಆಂಪಿಯರ್ ಕೊಡಬಲ್ಲದು. ಬೋರ್ಡಿನ ಕೂದಲೆಳೆಯಂಥ ತಾಮ್ರದ ಗೆರೆ ಆಗ ಫ್ಯೂಸಿನ ಪಾಲಿನ ಕೆಲಸ ಮಾಡುತ್ತದೆ, ಹೊಗೆಯ ಸಮೇತ. ಸತ್ತ ಇನ್ನೊಂದು ಬೋರ್ಡಿನಿಂದ ಅದೇ ಅಳತೆಯ ಫ್ಯೂಸ್ ಕಿತ್ತು ಹಾಕುವುದಕ್ಕೆ ಖರ್ಚೇನೂ ಇಲ್ಲ.

ಫ್ಯೂಸ್ ಸರಿಯಿದೆ, ಅದರ ಎರಡೂ ಬದಿ ಸೊನ್ನೆ ಎಂದರೆ? ಇಲ್ಲಿ ಸೆಕೆಂಡ್‌ಹ್ಯಾಂಡ್ ಬೋರ್ಡಿಗೇ ವಿಶೇಷವಾದ ಒಂದು ಕಾಯಿಲೆ ಇದೆ. ಕೀಬೋರ್ಡ್ ಒತ್ತಿ ಕಂಪ್ಯೂಟರ್ ಆನ್ ಮಾಡುವ ಸೌಲಭ್ಯಕ್ಕಾಗಿ ಹಲವು ಬೋರ್ಡುಗಳಲ್ಲಿ ಮೂರು ಪಿನ್ನಿನ ಜಂಪರ್ ಇಟ್ಟಿರುತ್ತಾರೆ. ಕೆಲವು ಕಡೆ ಅದರ ಪಕ್ಕ 'ಕೆಬಿಪವರ್' ಎಂಬರ್ಥದ ಗುರುತಿರುತ್ತದೆ, ಕೆಲವು ಕಡೆ ಬರೀ ಜೆಪಿ ಮತ್ತೊಂದು ಸಂಖ್ಯೆ. ನಡುವಿನ ಪಿನ್ನು ಪೋರ್ಟಿಗೆ ಹೋಗುತ್ತದೆ. ಒಂದು ಬದಿಗೆ ಟೋಪಿ ಹಾಕಿದರೆ ಕಂಪ್ಯೂಟರ್ ಆನ್ ಇದ್ದಾಗಿನ 5 ವೋಲ್ಟ್, ಇನ್ನೊಂದು ಬದಿಗೆ ಹಾಕಿದರೆ ಆಫ್ ಇದ್ದಾಗಲೂ ಬರುವ ಸ್ಟ್ಯಾಂಡ್‌ಬೈ 5 ವೋಲ್ಟ್. ಟೋಪಿಯೇ ಇಲ್ಲದಿದ್ದರೆ ಎರಡೂ ಇಲ್ಲ. ಅಂಗಡಿಯಲ್ಲಿ ಇನ್ನೊಂದು ಬೋರ್ಡಿಗೆ ಜಂಪರ್ ಬೇಕಾದಾಗ ಕೈಗೆ ಸಿಕ್ಕ ಬೋರ್ಡಿನಿಂದ ಟೋಪಿ ಕಿತ್ತುಕೊಳ್ಳುವುದು ಮಾಮೂಲು. ಹಾಗೆ ಬೋಳಾದ ಬೋರ್ಡು 'ಪೋರ್ಟ್ ಹೋದದ್ದು' ಎಂಬ ರಾಶಿಗೆ ಸೇರುತ್ತದೆ. ಆ ಕರಿ ಪ್ಲಾಸ್ಟಿಕ್ ಟೋಪಿಗೆ ಬೆಲೆ ಕಟ್ಟುವುದೇ ಕಷ್ಟ.

ಫ್ಯೂಸ್ ಯಾಕೆ ಸುಡುತ್ತದೆ ಎಂಬುದಕ್ಕೆ ಬಹುಪಾಲು ಒಂದೇ ಉತ್ತರ: ಕಂಪ್ಯೂಟರ್ ಓಡುತ್ತಿರುವಾಗಲೇ ಪ್ಲಗ್ ಕಿತ್ತು ಹಾಕುವುದು. ಯುಎಸ್‌ಬಿಯಲ್ಲಿ ಕರೆಂಟಿನ ಪಟ್ಟಿಗಳು ಸಂಕೇತದವಕ್ಕಿಂತ ಉದ್ದ, ಅವೇ ಮೊದಲು ತಾಗುತ್ತವೆ. ಪಿಎಸ್/2ದಲ್ಲಿ ಅಂಥ ಏರ್ಪಾಡಿಲ್ಲ. ಮೇಜಿನ ಹಿಂದೆ ಕೈ ಹಾಕಿ, ಕಣ್ಣಿಗೆ ಕಾಣದ ತೂತಿಗೆ ಪ್ಲಗ್ಗನ್ನು ತಿರುಗಿಸುತ್ತ ಒತ್ತುವಾಗ ಯಾವ ಪಿನ್ನು ಯಾವುದಕ್ಕೆ ತಾಗೀತೋ ಹೇಳಲಾಗದು. ನಮ್ಮ ಕಡೆ ಇನ್ನೊಂದು ಸೇರಿಕೊಳ್ಳುತ್ತದೆ. ಗೋಡೆಯ ಸಾಕೆಟ್ಟಿಗೆ ಸರಿಯಾದ ಅರ್ತ್ ಇಲ್ಲದಿದ್ದರೆ ಎಸ್‌ಎಂಪಿಎಸ್‌ನೊಳಗಿನ ಕೆಪಾಸಿಟರುಗಳ ಮೂಲಕ ಕ್ಯಾಬಿನೆಟ್ಟಿನ ಲೋಹಕ್ಕೆ ಮೈನ್ಸಿನ ಅರ್ಧದಷ್ಟು ವೋಲ್ಟೇಜು ಬಂದು ಕೂತಿರುತ್ತದೆ. ಬರಿಗಾಲಲ್ಲಿ ಮುಟ್ಟಿದಾಗ ಜುಂ ಎನ್ನುವುದು ಅದೇ. ಕರೆಂಟು ತೀರಾ ಸಣ್ಣದು, ಮನುಷ್ಯರಿಗೆ ಬರೀ ಚುರುಗುಟ್ಟುತ್ತದೆ. ಸೂಪರ್ ಐ/ಓ ಚಿಪ್ಪಿನ ಕಾಲಿಗೆ ಅಷ್ಟು ತಾಳ್ಮೆ ಇರುವುದಿಲ್ಲ.

ಓಡುವ ಕಂಪ್ಯೂಟರಿಗೆ ಸಿಕ್ಕಿಸಿದ ಕೀಬೋರ್ಡು ಕೆಲವೊಮ್ಮೆ ಕೆಲಸ ಶುರುಮಾಡಿಬಿಡುತ್ತದೆ, ಮೌಸು ಮಾತ್ರ ಜಪ್ಪಯ್ಯ ಎಂದರೂ ಏಳುವುದಿಲ್ಲ. ಜನ ಹಸಿರು ಪೋರ್ಟನ್ನು ಬಯ್ಯುತ್ತಾರೆ. ಕಾರಣ ಬೇರೆ. ಕೀಬೋರ್ಡು ಕರೆಂಟು ಸಿಕ್ಕ ಕೂಡಲೇ ತಾನಾಗಿ ಸುದ್ದಿ ಕಳಿಸಲು ತೊಡಗುತ್ತದೆ. ಮೌಸು ಎಎ, 00 ಎಂದು ಹಾಜರಿ ಹಾಕಿ, ಎಫ್4 ಎಂಬ ಅಪ್ಪಣೆ ಬರುವವರೆಗೆ ಬಾಯಿ ತೆರೆಯುವುದಿಲ್ಲ. ಶುರುವಿನಲ್ಲಿ ಮೌಸು ಕಾಣದಿದ್ದರೆ ಬಯೋಸ್ 12ನೇ ಇಂಟರಪ್ಟನ್ನು ಬೇರೆ ಕಾರ್ಡಿಗೆ ಕೊಟ್ಟಿರಲೂಬಹುದು. ಮೌಸ್ ಸಿಕ್ಕಿಸಿ, ಆಮೇಲೆ ಪವರ್ ಒತ್ತಿ ನೋಡದೆ ಹಸಿರು ಪೋರ್ಟಿನ ಮೇಲೆ ತೀರ್ಪು ಕೊಡಬಾರದು.

ಕರೆಂಟು ಸರಿಯಿದ್ದೂ ಸಂಕೇತ ಬರದಿದ್ದರೆ ಮೊದಲು ಪ್ಲಗ್ಗಿನ ತುದಿ ನೋಡಿ. ಒಂದು ಪಿನ್ನು ಬಾಗಿ ಒರಗಿರುವುದು ತೀರಾ ಸಾಮಾನ್ಯ. ಸೀಸದ ಕಡ್ಡಿ ಹೊರತೆಗೆದ ಮೈಕ್ರೋಟಿಪ್ ಪೆನ್ಸಿಲಿನ ಲೋಹದ ತುದಿಯನ್ನು ಪಿನ್ನಿನ ಮೇಲೆ ಇಳಿಸಿ ಮೆಲ್ಲಗೆ ನೆಟ್ಟಗೆ ಮಾಡಬಹುದು. ಇಕ್ಕಳ ಹಾಕಿದರೆ ಮುರಿಯುತ್ತದೆ. ಆಮೇಲೆ ಬೋರ್ಡಿನ ಹಿಂಬದಿ. ವರ್ಷಗಟ್ಟಲೆ ಎಳೆದಾಡಿದ ಪೋರ್ಟಿನ ಕಾಲಿನ ಸುತ್ತ ಬೆಸುಗೆಯಲ್ಲಿ ಉಂಗುರದಂಥ ಸೀಳು ಕಾಣುತ್ತದೆ. ಭೂತಗನ್ನಡಿ ಬೇಕು. ಬಿಸಿ ಮಾಡಿ ಸ್ವಲ್ಪ ಹೊಸ ಸೀಸ ಉಣಿಸಿದರೆ ಮುಗಿಯಿತು. ಮೌಸಿನ ಬಾಣ ಇದ್ದಕ್ಕಿದ್ದಂತೆ ಪರದೆಯ ಮೂಲೆಗೆ ಹಾರುವುದಕ್ಕೂ ಇಂಥ ಸೀಳು ಕಾರಣವಾಗಬಹುದು. ಮೌಸಿನ ಸುದ್ದಿ ಮೂರು ಬೈಟ್‌ಗಳ ಕಂತು: ಗುಂಡಿಗಳದೊಂದು, ಅಡ್ಡ ಚಲನೆಯದೊಂದು, ಉದ್ದ ಚಲನೆಯದೊಂದು. ನಡುವೆ ಒಂದು ಬೈಟ್ ಕಳೆದರೆ ಮುಂದಿನ ಲೆಕ್ಕವೆಲ್ಲ ಒಂದು ಹೆಜ್ಜೆ ತಪ್ಪಿ, ಉದ್ದದ್ದು ಅಡ್ಡಕ್ಕೆ, ಗುಂಡಿಯದ್ದು ಉದ್ದಕ್ಕೆ ಜಮೆಯಾಗುತ್ತದೆ.

ಈಗ ಆ ಮೇಲೆತ್ತಿ ಹಿಡಿದ ತಂತಿಗಳು. ಯಾರೂ ಮಾತಾಡದಿದ್ದಾಗ ಡೇಟಾ, ಕ್ಲಾಕ್ ಎರಡೂ 5 ವೋಲ್ಟಿನ ಹತ್ತಿರ ಇರಬೇಕು. ಹಸಿರು ಪೋರ್ಟಿನ ಕ್ಲಾಕ್ ಕಾಲಿಗೆ ಮೀಟರಿನ ಕಡ್ಡಿ ಹಿಡಿದು, ಇನ್ನೊಬ್ಬರಿಗೆ ಮೌಸ್ ಆಡಿಸಲು ಹೇಳಿ ನೋಡಿ. ಮೌಸು ಸಾಮಾನ್ಯವಾಗಿ ಸೆಕೆಂಡಿಗೆ 100 ಕಂತು ಕಳಿಸುವುದರಿಂದ ತಂತಿ ಮತ್ತೆ ಮತ್ತೆ ಕೆಳಕ್ಕಿಳಿಯುತ್ತದೆ. ಮೀಟರಿಗೆ ಅಷ್ಟು ವೇಗ ಹಿಡಿಯಲಾಗದು, ಸರಾಸರಿಯನ್ನು ತೋರಿಸುತ್ತದೆ: 5ರಲ್ಲಿದ್ದ ಅಂಕಿ ತುಸು ಇಳಿದು ಓಲಾಡುತ್ತದೆ, ಮೌಸ್ ನಿಲ್ಲಿಸಿದರೆ ಮತ್ತೆ ಸ್ವಸ್ಥಾನಕ್ಕೆ. ಆಸಿಲೋಸ್ಕೋಪ್ ಇಲ್ಲದ ಮೇಜಿನ ಮೇಲೆ ಡಿಜಿಟಲ್ ಮಾತುಕತೆಯನ್ನು ಕಣ್ಣಾರೆ ಕಾಣಲು ಇದಕ್ಕಿಂತ ಅಗ್ಗದ ದಾರಿ ನನಗೆ ತಿಳಿದಂತೆ ಇಲ್ಲ.

ಏನೂ ಸಿಕ್ಕಿಸದಿದ್ದಾಗಲೂ ಒಂದು ತಂತಿ ಸೊನ್ನೆಯಲ್ಲೇ ಕೂತಿದ್ದರೆ ಬೋರ್ಡಿನೊಳಗೇ ಯಾರೋ ಅದನ್ನು ಎಳೆದು ಹಿಡಿದಿದ್ದಾರೆ. ಪವರ್ ಪೂರ್ತಿ ಕಿತ್ತು, ಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ, ಕೆಂಪು ಕಡ್ಡಿ ಗ್ರೌಂಡಿಗೆ, ಕಪ್ಪು ಕಡ್ಡಿ ಒಂದೊಂದೇ ಸಂಕೇತದ ಕಾಲಿಗೆ. ಅಂಕಿ ಎಷ್ಟಿರಬೇಕೆಂಬ ಚಿಂತೆ ಬೇಡ, ಎರಡೂ ಪೋರ್ಟುಗಳ ಈ ನಾಲ್ಕು ಕಾಲುಗಳದೂ ಹೆಚ್ಚುಕಡಿಮೆ ಒಂದೇ ಇರಬೇಕು. ಮೂರರಲ್ಲಿ ಅರ್ಧ ವೋಲ್ಟಿನ ಆಸುಪಾಸು ಬಂದು ಒಂದರಲ್ಲಿ ಸೊನ್ನೆ ಬಂದರೆ ಆ ಗೆರೆಯೇ ರೋಗಿ. ಪೋರ್ಟಿನ ಹತ್ತಿರ ಸಾಸಿವೆ ಗಾತ್ರದ ಕೆಪಾಸಿಟರುಗಳಿರುತ್ತವೆ, ರೇಡಿಯೋ ಗದ್ದಲ ತಡೆಯಲು ಇಟ್ಟವು. ಅವುಗಳಲ್ಲಿ ಒಂದು ಒಳಗೇ ಶಾರ್ಟ್ ಆಗಿರಬಹುದು. ಅದನ್ನು ಎತ್ತಿ ತೆಗೆದು ಮತ್ತೆ ಅಳೆಯಿರಿ. ಅದಿಲ್ಲದೆಯೂ ಪೋರ್ಟು ನಡೆಯುತ್ತದೆ.

ತಂತಿಗಳೆಲ್ಲ ಸರಿಯಿದ್ದೂ ಬೋರ್ಡು ಮೊಂಡು ಹಿಡಿದರೆ ಬಯೋಸಿನ ಸರದಿ. ಪಿಎಸ್/2 ಮೌಸನ್ನು ಮುಚ್ಚುವ ಆಯ್ಕೆ ಅಲ್ಲಿದೆ. ಹಿಂದಿನ ಮಾಲೀಕ ಮುಚ್ಚಿಟ್ಟಿರಬಹುದು. ಕೀಬೋರ್ಡೇ ಇಲ್ಲದೆ ಬಯೋಸಿನೊಳಗೆ ಹೋಗುವುದು ಹೇಗೆ? ಪವರ್ ಕಿತ್ತು, ಸಿಆರ್2032 ಸೆಲ್ ತೆಗೆದು, ಕ್ಲಿಯರ್ ಸಿಮಾಸ್ ಜಂಪರ್ ಬದಲಿಸಿ ಹಳೇ ನೆನಪನ್ನೆಲ್ಲ ಅಳಿಸಬೇಕು. ಸೆಲ್ ಹಳತಾಗಿ ವೋಲ್ಟೇಜು 3ಕ್ಕಿಂತ ತೀರಾ ಇಳಿದಿದ್ದರೆ ಬದಲಿಸಿ. ಇನ್ನೂ ಹಳೇ ಬೋರ್ಡುಗಳಲ್ಲಿ ಕೀಲಾಕ್ ಎಂಬ ಎರಡು ಪಿನ್ನು ಉಂಟು. ಆ ಕಾಲದ ಕ್ಯಾಬಿನೆಟ್ಟಿಗೆ ನಿಜವಾದ ಬೀಗದ ಕೈ ಇತ್ತು, ತಿರುಗಿಸಿದರೆ ಕೀಬೋರ್ಡು ಬಂದ್. ಪವರ್ ದೀಪದ ವಯರನ್ನು ತಪ್ಪಾಗಿ ಆ ಪಿನ್ನಿಗೆ ಸಿಕ್ಕಿಸಿ, ಇಲ್ಲದ ಬೀಗ ಹಾಕಿಕೊಂಡವರಿದ್ದಾರೆ.

ಯುಎಸ್‌ಬಿ ಪ್ಲಗ್ಗನ್ನು ಈ ಗುಂಡು ಪೋರ್ಟಿಗೆ ಹೊಂದಿಸುವ ಅಡಾಪ್ಟರನ್ನು ನಂಬಿ ಪೋರ್ಟನ್ನು ಪರೀಕ್ಷಿಸುವುದು ದಂಡ. ಅದರೊಳಗೆ ಚಿಪ್ಪಿಲ್ಲ, ಬರೀ ನಾಲ್ಕು ವಯರು ಅತ್ತಿಂದಿತ್ತ. ಎರಡೂ ಭಾಷೆ ಬಲ್ಲ ಕೀಬೋರ್ಡಾದರೆ ಅಡಾಪ್ಟರ್ ಹಾಕಿದಾಗ ಪಿಎಸ್/2 ಭಾಷೆಗೆ ಹೊರಳುತ್ತದೆ. ಇತ್ತೀಚಿನವು ಹಲವು ಯುಎಸ್‌ಬಿ ಮಾತ್ರ ಬಲ್ಲವು. ಅವು ಅಲ್ಲಾಡದಿದ್ದರೆ ಪೋರ್ಟು ನಿರಪರಾಧಿ.

ಬಯೋಸಿನಲ್ಲಿ ನಡೆದು ವಿಂಡೋಸಿನಲ್ಲಿ ನಡೆಯದಿದ್ದರೆ ಬೆಸುಗೆ ಕಡ್ಡಿ ಕೆಳಗಿಡಿ. ಐ8042ಪಿಆರ್‌ಟಿ ಎಂಬ ಡ್ರೈವರ್ ಯಾವುದೋ ತಂತ್ರಾಂಶದ ದೆಸೆಯಿಂದ ನಿಂತಿರಬಹುದು. ಹೆಸರಿನ ನಡುವೆ 1984ರ ಎಟಿಯಲ್ಲಿದ್ದ ಆ ಚಿಪ್ಪಿನ ಸಂಖ್ಯೆ ಇನ್ನೂ ಕೂತಿದೆ ನೋಡಿ.

ಉಳಿದದ್ದು ಸೂಪರ್ ಐ/ಓ ಚಿಪ್ಪೇ ಹೋಗಿರುವ ಪ್ರಸಂಗ. ಕರೆಂಟಿದೆ, ಗೆರೆಗಳಲ್ಲಿ ಶಾರ್ಟಿಲ್ಲ, ಬಯೋಸ್ ಅಳಿಸಿಯಾಗಿದೆ, ಆದರೂ ಎರಡನೇ ಮಿನುಗು ಬರುತ್ತಿಲ್ಲ. ಇಲ್ಲವೇ ಚಿಪ್ಪಿನ ಬೆನ್ನು ಬೆರಳಿಡಲಾಗದಷ್ಟು ಸುಡುತ್ತಿದೆ. ಅದೇ ಸಂಖ್ಯೆಯ ಚಿಪ್ಪನ್ನು ಇನ್ನೊಂದು ಬೋರ್ಡಿನಿಂದ ಬಿಸಿಗಾಳಿಯಲ್ಲಿ ಎಬ್ಬಿಸಿ, ಅದರ 128 ಕಾಲುಗಳನ್ನೂ ಒಂದಕ್ಕೊಂದು ಅಂಟದಂತೆ ಕೂರಿಸಬಲ್ಲ ಕೈ ಇದ್ದರೆ ಅದೊಂದು ದಾರಿ. ಪ್ರಿಂಟರ್ ಪೋರ್ಟಿನ ಮೂಲಕ ಯಂತ್ರ ಓಡಿಸುವ ಬೋರ್ಡಾದರೆ ಆ ಶ್ರಮಕ್ಕೆ ಬೆಲೆ ಇದೆ, ಮನೆಯ ಹಳೇ ಪಿಸಿಗೆ ಇಲ್ಲ.

ಮನೆಯ ಪಿಸಿಗೆ ಅಂಗಡಿಯವರ ಮಾತೇ ಗತಿ: ಯುಎಸ್‌ಬಿ. ಆದರೆ ಡಾಸ್ ಕಾಲದ ತಂತ್ರಾಂಶಕ್ಕೆ ಯುಎಸ್‌ಬಿ ಎಂದರೇನೆಂದೇ ಗೊತ್ತಿಲ್ಲ. ಅದು ಓದುವುದು 8042ರ ಹಳೇ ವಿಳಾಸಗಳನ್ನು, ಹದಿನಾರರ ಎಣಿಕೆಯಲ್ಲಿ 60 ಮತ್ತು 64. ಬಯೋಸಿನಲ್ಲಿ ಯುಎಸ್‌ಬಿ ಲೆಗಸಿ ಸಪೋರ್ಟ್ ತೆರೆದಿದ್ದರೆ ಇಲ್ಲೊಂದು ನಾಟಕ ನಡೆಯುತ್ತದೆ. ತಂತ್ರಾಂಶ ಆ ವಿಳಾಸ ಮುಟ್ಟಿದ ಕ್ಷಣ ಪ್ರೊಸೆಸರ್ ಅದರ ಕೈ ಹಿಡಿದು ನಿಲ್ಲಿಸಿ ಬಯೋಸಿನ ಒಂದು ಗುಪ್ತ ತುಣುಕನ್ನು ಎಬ್ಬಿಸುತ್ತದೆ. ಆ ತುಣುಕು ಯುಎಸ್‌ಬಿ ಕೀಬೋರ್ಡಿನಿಂದ ಬಂದದ್ದನ್ನು ಹಳೇ ಸಂಖ್ಯೆಗೆ ತಿರುಗಿಸಿ ಅಲ್ಲಿಟ್ಟು ಮರೆಯಾಗುತ್ತದೆ. ನೀವು 'ಕೆ' ಒತ್ತುತ್ತೀರಿ. 8042 ತನ್ನ ಕಾಲದಲ್ಲಿ 42 ಎಂಬುದನ್ನು 25 ಎಂದು ಅನುವಾದಿಸಿ ತಂತ್ರಾಂಶಕ್ಕೆ ಒಪ್ಪಿಸುತ್ತಿತ್ತು. ಡಾಸ್ 60ನೇ ವಿಳಾಸ ತೆರೆದು ನೋಡಿದರೆ ಅಲ್ಲಿ ಅದೇ 25 ಇರುತ್ತದೆ.